ಮಾವನ ಕ್ಯಾಮೆರಾದಲ್ಲಿ ಉಳಿದಿದ್ದ ರೀಲು ತೊಳೆಸಿದ್ದು

ಸಾಗರದ ಮನೆಯ ಅಟ್ಟದಿಂದ ಸೋದರಮಾವನ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇಳಿಸಿದಾಗ ಅದರ ಬೆನ್ನಿನ ಕೆಂಪು ಕಿಂಡಿಯಲ್ಲಿ 9 ಎಂಬ ಅಂಕಿ ಕಾಣುತ್ತಿತ್ತು. ಹನ್ನೆರಡು ಚಿತ್ರದ ರೀಲು. ಒಂಬತ್ತನೆಯದನ್ನು ತೆಗೆದಿದ್ದರೋ ಇಲ್ಲವೋ, ಮಾವನಿಗೇ ನೆನಪಿಲ್ಲ. ಎಲ್ಲಿಯೂ ಸಿಗದ ಅತ್ತೆಯ ಸೀಮಂತದ ಫೋಟೋಗಳು ಇದರಲ್ಲೇ ಇವೆ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟರು.

ಮೊದಲು ಹೋದ ಸ್ಟುಡಿಯೋದವರು "ಕೊಡಿ ಸರ್, ಕಲರ್ ಫಿಲ್ಮಿನ ಜೊತೆಗೇ ತೊಳೆಸಿಬಿಡೋಣ" ಎಂದರು. ಪುಣ್ಯಕ್ಕೆ ಕೊಡಲಿಲ್ಲ. ಕಲರ್ ಫಿಲ್ಮ್ ತೊಳೆಯುವ ದ್ರಾವಣಗಳು ಬೆಳ್ಳಿಯನ್ನು ಪೂರ್ತಿ ತೆಗೆದುಹಾಕುತ್ತವೆ. ಕಪ್ಪು-ಬಿಳುಪಿನಲ್ಲಿ ಚಿತ್ರವಿರುವುದೇ ಆ ಬೆಳ್ಳಿಯಲ್ಲಿ. ಗಾಜಿನಂಥ ಖಾಲಿ ಪಟ್ಟಿ ಕೈಗೆ ಬರುತ್ತಿತ್ತು.

ಇದನ್ನು ತಿಳಿಸಿದವರು ಬೆಂಗಳೂರಿನ ಹಳೆಯ ಮನೆಯೊಂದರ ಹಿತ್ತಿಲ ಕೋಣೆಯಲ್ಲಿ ಒಬ್ಬರೇ ಡಾರ್ಕ್‌ರೂಮ್ ನಡೆಸುವವರು. ರೇಟಿನ ಮಾತಿಗೆ ಮೊದಲೇ ರೀಲನ್ನು ಕೊನೆಯವರೆಗೆ ಸುತ್ತಿ, ಕ್ಯಾಮೆರಾವನ್ನು ಕಪ್ಪು ಚೀಲದೊಳಗೆ ಬಿಚ್ಚಿದರು. ಫಿಲ್ಮಿನ ಬೆನ್ನಿಗಿರುವ ಕಾಗದದ ಮೇಲೆ 'ಇಂದು' ಎಂಬ ಬ್ರ್ಯಾಂಡಿನ ಹೆಸರಿತ್ತು. ಕೇಂದ್ರ ಸರ್ಕಾರ 1960ರಲ್ಲಿ ಊಟಿಯಲ್ಲಿ ಸ್ಥಾಪಿಸಿದ, ಈಗ ಬಾಗಿಲು ಮುಚ್ಚಿರುವ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ಸರಕು.

ಕೊನೆಯ ಮೂರು ಚಿತ್ರಗಳ ಜಾಗ ಹೇಗೂ ಖಾಲಿ, ಸುತ್ತಿದ ರೀಲಿನಲ್ಲಿ ಮೇಲೆ ಬರುವುದೂ ಅದೇ. ಕತ್ತಲೆಯಲ್ಲಿ ಅಲ್ಲಿಂದ ಎರಡು ಬೆರಳಗಲ ಕತ್ತರಿಸಿ, ಅದನ್ನಷ್ಟೇ ತೊಳೆದು ತೋರಿಸಿದರು. ಬೆಳಕನ್ನೇ ಕಾಣದ ತುಂಡು ಬೂದಿ ಬಳಿದಂತಿತ್ತು. ಹಳೆಯ ಫಿಲ್ಮ್ ಕೂತಲ್ಲೇ ಮಂಕಾಗುವುದು ಹೀಗೆ. ಇನ್ನೊಂದು ತುಂಡನ್ನು ಎಚ್‌ಸಿ-110 ಎಂಬ ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ದ್ರಾವಣ), ನೀರನ್ನು 18 ಡಿಗ್ರಿಗೆ ತಣಿಸಿ ತೊಳೆದಾಗ ಮಂಕು ತಗ್ಗಿತು. ಅದಾದ ಮೇಲೆಯೇ ಉಳಿದದ್ದಕ್ಕೆ ಕೈ ಹಾಕಿದರು. ನಾನು ಕೊಟ್ಟ 1,400 ರೂಪಾಯಿಯಲ್ಲಿ ಸಾವಿರ ಈ ತಾಳ್ಮೆಗೇ ಸಲ್ಲಬೇಕು.

ಉಳಿದ ನಾನೂರಕ್ಕೆ ನನ್ನ ತಕರಾರಿದೆ. ಮೂರು ವಾರ ಎಂದದ್ದು ಏಳಾಯಿತು, ಫೋನ್ ಎತ್ತುವುದು ಅಪರೂಪ. ಸ್ಕ್ಯಾನ್‌ಗಳಲ್ಲಿ ಕಪ್ಪನ್ನು ಎಷ್ಟು ಗಾಢ ಮಾಡಿದ್ದಾರೆಂದರೆ ಕೊಟ್ಟಿಗೆಯ ಒಳಗೆ ಏನಿದೆಯೆಂದೇ ತಿಳಿಯುವುದಿಲ್ಲ. ಕೇಳಿಕೊಂಡ ಮೇಲೆ ಮತ್ತೆ ಮಾಡಿಕೊಟ್ಟರು. ನೆಗೆಟಿವ್‌ಗಳನ್ನು ಮಾತ್ರ ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಟ್ಟಿದ್ದರು, ಚುರುಮುರಿಯ ಹಾಗೆ.

ಹೌದು, ಕೊಟ್ಟಿಗೆ. ಮಾವ ಪಶುವೈದ್ಯರಾಗಿದ್ದವರು. ಕಣ್ಣಿಗೆ ಕಾಣುವಂತೆ ಬಂದದ್ದು ಐದು ಚಿತ್ರ, ಅದರಲ್ಲಿ ನಾಲ್ಕು ಹಸುಗಳದು. ಹಿಂದಿನ ಕಾಗದದ ಅಂಕಿಗಳು ವರ್ಷಾನುಗಟ್ಟಲೆ ಒತ್ತಿಕೊಂಡು ಫಿಲ್ಮಿಗೇ ಇಳಿದಿವೆ: ಒಂದು ಹಸುವಿನ ಹೊಟ್ಟೆಯ ಮೇಲೆ ಸ್ಪಷ್ಟವಾಗಿ 6, ಬ್ಯಾಂಕಿನವರು ಸಾಲಕ್ಕೆ ಗುರುತು ಹಾಕಿದಂತೆ. ಐದನೆಯದು ಒಂದು ಜೀಪಿನ ಚಕ್ರ. ಸೀಮಂತದ ಸುಳಿವೇ ಇಲ್ಲ.

ಮಾವನಿಗೆ ಈಗ 81. ಲ್ಯಾಪ್‌ಟಾಪ್ ಪರದೆಗೆ ಮೂಗು ತಾಗಿಸಿ ನೋಡಿ, "ಇದು ಕೆಳದಿ ಕಡೆಯದು. ಕೊಂಬು ನೋಡು, ಹುಣ್ಣಾಗಿತ್ತು, ನಾನೇ ವಾಸಿ ಮಾಡಿದ್ದು" ಎಂದರು. ಹಗ್ಗ ಹಿಡಿದು ನಿಂತವನು ಯಾರೆಂದು ಕೇಳಿದೆ. ಗೊತ್ತಿಲ್ಲವಂತೆ. "ದನಗಳಿಗೆ ಒಂದು ರೀಲು, ನನಗೆ ಒಂದು ಫೋಟೋ ಇಲ್ಲ" ಎನ್ನುತ್ತಾ ಅತ್ತೆ ಒಳಗೆ ಹೋದರು.

ಕೊಂಬಿನ ಹಸುವಿನ ದೊಡ್ಡ ಪ್ರಿಂಟ್ ಮಾವನಿಗೆ ಬೇಕಂತೆ. ಅದೇ ಡಾರ್ಕ್‌ರೂಮಿಗೆ ಕೊಟ್ಟಿದ್ದೇನೆ. ಎರಡು ವಾರ ಎಂದಿದ್ದಾರೆ. ನಾನು ಐದು ಎಂದು ಬರೆದುಕೊಂಡಿದ್ದೇನೆ.