ಅಮ್ಮನ ಹೆಬ್ಬೆಟ್ಟಿಗೊಂದು ಬೀಗ: ಆಧಾರ್ ಬಯೋಮೆಟ್ರಿಕ್ ಲಾಕ್ ಬಳಸಿ ನೋಡಿದ್ದು

ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ ಅಂತ ಬ್ಯಾಂಕುಗಳು ಮೆಸೇಜ್ ಕಳಿಸುತ್ತಲೇ ಇರುತ್ತವೆ. ಆದರೆ ನಮ್ಮಮ್ಮನಂಥವರ ಹಣಕ್ಕೆ ಇರುವ ಅಪಾಯ ಬೇರೆ ಕಡೆಯದು. ಆಕೆಯ ಕೈಲಿರುವುದು ಕೀಪ್ಯಾಡ್ ಫೋನು. ಯುಪಿಐ ಇಲ್ಲ, ನೆಟ್ ಬ್ಯಾಂಕಿಂಗ್ ಇಲ್ಲ, ಎಟಿಎಂ ಕಾರ್ಡು ಬೀರುವಿನಲ್ಲಿದೆ. ಆದರೂ ಖಾತೆಗೆ ಆನ್‌ಲೈನ್ ಬಾಗಿಲೊಂದಿದೆ, ಅದರ ಹೆಸರು ಎಇಪಿಎಸ್, ಅಂದರೆ ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆ. ಊರಲ್ಲೇ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಹತ್ತಿರ ಆಧಾರ್ ನಂಬರೂ ಬ್ಯಾಂಕಿನ ಹೆಸರೂ ಹೇಳಿ ಹೆಬ್ಬೆಟ್ಟು ಒತ್ತಿದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ನಗದು ಸಿಗುತ್ತದೆ. ಪಿನ್ ಬೇಡ, ಒಟಿಪಿ ಬೇಡ.

ಹಳ್ಳಿಯ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿನ್ ಕಳುವಾದರೆ ಬದಲಾಯಿಸಬಹುದು, ಬೆರಳು ಬದಲಾಯಿಸಲು ಬರುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಬಯಲಾದ ಪ್ರಕರಣಗಳು ನೆನಪಿರಬಹುದು: ಕಾವೇರಿ ಪೋರ್ಟಲಿನ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ನಂಬರ್ ತೆಗೆದುಕೊಂಡು ಜನರ ಖಾತೆಯಿಂದ ಹಣ ಎಳೆದಿದ್ದರು. ನಮ್ಮ ಮನೆಯ ಕ್ರಯಪತ್ರದಲ್ಲೂ ಅಮ್ಮನ ಹೆಬ್ಬೆಟ್ಟಿದೆ. ಅದಕ್ಕೇ ಆಕೆಯ ಬೆರಳಚ್ಚು ಯಾರೂ ಬಳಸದಂತೆ ಆಧಾರಿನ ಬಯೋಮೆಟ್ರಿಕ್ ಲಾಕ್ ಹಾಕಿಸಿದೆ.

ಹಾಕುವುದು ಸುಲಭ, ದುಡ್ಡು ಕೊಡಬೇಕಾಗಿಲ್ಲ. ಮೈಆಧಾರ್ ವೆಬ್‌ಸೈಟಿಗೆ ಆಧಾರ್ ನಂಬರ್ ಮತ್ತು ಒಟಿಪಿ ಕೊಟ್ಟು ಒಳಗೆ ಹೋದರೆ ಬಯೋಮೆಟ್ರಿಕ್ ಲಾಕ್ ಆಯ್ಕೆ ಸಿಗುತ್ತದೆ. ಎಂಆಧಾರ್ ಆ್ಯಪಿನಲ್ಲೂ ಇದೆ, ಅದು ಕನ್ನಡದಲ್ಲೂ ಬರುತ್ತದೆ. ಬೆರಳಚ್ಚು, ಕಣ್ಣಿನ ಪಾಪೆ, ಮುಖ ಮೂರಕ್ಕೂ ಒಟ್ಟಿಗೇ ಬೀಗ ಬೀಳುತ್ತದೆ. ಆಮೇಲೆ ಯಾರೇ ಬೆರಳಚ್ಚು ಕೊಟ್ಟರೂ ಯಂತ್ರ 330 ಅನ್ನುವ ಎರರ್ ತೋರಿಸಿ ನಿಲ್ಲಿಸುತ್ತದೆ. ಗೃಹಲಕ್ಷ್ಮಿ ದುಡ್ಡು ಬೀಳುವುದಕ್ಕೆ ತೊಂದರೆಯಿಲ್ಲ, ಯಾಕೆಂದರೆ ಜಮಾ ಆಗಲು ಹೆಬ್ಬೆಟ್ಟು ಬೇಕಿಲ್ಲ. ಒಟಿಪಿ ಮೂಲಕ ನಡೆಯುವ ಆಧಾರ್ ಕೆಲಸಗಳೂ ನಡೆಯುತ್ತವೆ. ಒಂದು ಎಚ್ಚರಿಕೆ: ಅಲ್ಲೇ ‘ಆಧಾರ್ ಲಾಕ್’ ಅಂತ ಇನ್ನೊಂದಿದೆ. ಅದು ನಂಬರನ್ನೇ ಮುಚ್ಚುತ್ತದೆ, ಅದಕ್ಕೆ ವಿಐಡಿ, ಅಂದರೆ ಆಧಾರ್ ನಂಬರಿನ ಬದಲು ಬಳಸುವ 16 ಅಂಕಿಯ ಸಂಖ್ಯೆ ಬೇಕು. ನಮಗೆ ಬೇಕಾದದ್ದು ಅದಲ್ಲ.

ಕಷ್ಟವಿರುವುದು ನ್ಯಾಯಬೆಲೆ ಅಂಗಡಿಯಲ್ಲಿ. ಅಕ್ಕಿ ತರಲೂ ಹೆಬ್ಬೆಟ್ಟು ಬೇಕಲ್ಲ! ತಾತ್ಕಾಲಿಕವಾಗಿ ತೆಗೆದರೆ ಬೀಗ ತೆರೆದಿರುವುದು 10 ನಿಮಿಷ, ಆಮೇಲೆ ತಾನಾಗೇ ಬೀಳುತ್ತದೆ. ಭದ್ರತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಅರಸೀಕೆರೆ ಕಡೆಯ ನಮ್ಮೂರಲ್ಲಿ ಸರ್ವರ್ ನಿಧಾನವಾದ ದಿನ ಸಾಲು ಅಂಗಡಿಯ ಜಗುಲಿ ದಾಟಿ ರಸ್ತೆಗೆ ಬಂದಿರುತ್ತದೆ. ಮನೆಯಲ್ಲೇ ಬೀಗ ತೆಗೆದು ಹೊರಟರೆ ಪ್ರಯೋಜನವಿಲ್ಲ. ಮುಂದೆ ಒಂದಿಬ್ಬರು ಇದ್ದಾರೆ ಅನ್ನುವಾಗ ತೆಗೆಯಬೇಕು.

ನಾನು ಬೆಂಗಳೂರಿನಲ್ಲಿ ಕೂತು ತೆಗೆಯಬಹುದು, ಅಮ್ಮ ಒಟಿಪಿ ಓದಿ ಹೇಳಿದರೆ ಸಾಕು. ಆದರೆ ಫೋನಿನಲ್ಲಿ ಒಟಿಪಿ ಓದಿ ಹೇಳುವ ರೂಢಿಯನ್ನು ಮಕ್ಕಳೇ ಕಲಿಸಬಾರದು ಅನ್ನುವುದು ನನ್ನ ಹಟ. ನಾಳೆ ‘ನಿಮ್ಮ ಮಗನ ಸ್ನೇಹಿತ’ ಅಂತ ಯಾರೋ ಕರೆ ಮಾಡುತ್ತಾರೆ, ಆಕೆ ಓದಿಬಿಡುತ್ತಾಳೆ. ಹಾಗಾಗಿ ರೇಷನ್ ದಿನ ನನ್ನ ತಮ್ಮ ಅಮ್ಮನ ಜೊತೆಗೆ ಹೋಗುತ್ತಾನೆ, ಅವಳ ಫೋನಿಗೆ ಬಂದ ಒಟಿಪಿ ನೋಡಿಕೊಂಡು ತನ್ನ ಫೋನಿನಲ್ಲಿ ಬೀಗ ತೆಗೆಯುತ್ತಾನೆ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಈ ವ್ಯವಸ್ಥೆ ಏನೇನೂ ಸಾಲದು. ಸ್ಮಾರ್ಟ್‌ಫೋನ್ ಇಲ್ಲದವರು ತಾವೇ ಸುಲಭವಾಗಿ ಬೀಗ ತೆಗೆಯುವ ದಾರಿಯನ್ನು ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ಹುಡುಕಲೇಬೇಕು.

ಲಾಕ್ ಇದ್ದರೂ ಪಾಸ್‌ಬುಕ್ ನೋಡುವುದನ್ನು ಬಿಡಬೇಡಿ. ಬೇರೆಯವರ ವಂಚನೆಯಿಂದ ಹಣ ಹೋದರೆ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕರಿಗೆ ನಷ್ಟ ಹೊರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಮೆಸೇಜ್ ಓದಲು ಬಾರದವರಿಗೆ ಆ 3 ದಿನ ಗೊತ್ತಿಲ್ಲದೆ ಕಳೆದುಹೋಗುತ್ತವೆ. ಹಣ ಹೋದದ್ದು ಕಂಡ ಕೂಡಲೇ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ಬ್ಯಾಂಕುಗಳು ಖಾತೆ ತೆರೆಯುವ ದಿನವೇ ಈ ಲಾಕಿನ ಬಗ್ಗೆ ಹೇಳಬೇಕಿತ್ತು. ಈಗ ಚಿಕ್ಕಮ್ಮನಿಗೂ ಹಾಕಿಸಬೇಕು. ಆಕೆಯ ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿಲ್ಲ, ಹಾಗಾಗಿ ಒಟಿಪಿ ಬರುವುದಿಲ್ಲ. ಮೊದಲು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಅದನ್ನು ಮಾಡಿಸುತ್ತೇನೆ.