ಹನ್ನೆರಡು ಹಾಳೆಯ ನಾಣ್ಯದ ಆಲ್ಬಮ್: ಒಬ್ಬ ಹಳೆಯ ಕಂಡಕ್ಟರನ ತಕರಾರು

1988ರಿಂದ 2019ರವರೆಗೆ ಹಾಸನ ಸೀಮೆಯ ಬಸ್ಸುಗಳಲ್ಲಿ ಟಿಕೆಟ್ ಕೊಟ್ಟವನು ನಾನು. ನಿವೃತ್ತಿಯಾದ ಮೇಲೆ ಮನೆಯ ಡಬ್ಬಗಳಲ್ಲಿ ಬಿದ್ದಿದ್ದ ಹಳೆಯ ಚಿಲ್ಲರೆಯನ್ನೆಲ್ಲ ಒಂದು ಕಡೆ ಜೋಡಿಸೋಣ ಎನಿಸಿತು. ಬೆಂಗಳೂರಿನ ಒಂದು ನಾಣ್ಯಮೇಳದಲ್ಲಿ ‘ಗಣರಾಜ್ಯದ ಎಲ್ಲ ಮಾದರಿಗಳು’ ಎಂದು ರಟ್ಟಿನ ಮೇಲೆ ಚಿನ್ನದಕ್ಷರದಲ್ಲಿ ಅಚ್ಚಾಗಿದ್ದ ಆಲ್ಬಮ್ ಕಣ್ಣಿಗೆ ಬಿತ್ತು. ಒಂಬೈನೂರ ಐವತ್ತು ರೂಪಾಯಿ. ಚೌಕಾಸಿ ಮಾಡಿ ಎಂಟುನೂರಕ್ಕೆ ತಂದೆ. ಒಂದು ವರ್ಷ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಯಾರಿಸಿದವರ ಹೆಸರು ಬೇಡ, ಮೇಳಗಳಲ್ಲಿ ಇಂಥವು ನಾಲ್ಕಾರು ಬಗೆಯವು ಸಿಗುತ್ತವೆ.

ಹನ್ನೆರಡು ದಪ್ಪ ಹಾಳೆಗಳು. ಪ್ರತಿ ಹಾಳೆಯಲ್ಲೂ ನಾಣ್ಯ ಕೂರಿಸಲು ದುಂಡನೆಯ ತೂತುಗಳು, ಎರಡೂ ಬದಿಗೆ ಮೆತ್ತನೆಯ ಪ್ಲಾಸ್ಟಿಕ್ ಹೊದಿಕೆ. ಯಾವ ತೂತಿಗೆ ಯಾವ ನಾಣ್ಯ ಎಂಬುದು ಕೆಳಗೆ ಅಚ್ಚಾಗಿರುತ್ತದೆ. ತೊಂದರೆಯಿರುವುದು ಅಲ್ಲಿಯೇ. ಯಾವುದು ಬೇರೆ ಮಾದರಿ, ಯಾವುದು ಅಲ್ಲ ಎಂಬ ತೀರ್ಮಾನ ಕೊಂಡವನದಲ್ಲ, ತೂತು ಕೊರೆದವನದು.

ಮೊದಲೆರಡು ಹಾಳೆಗಳ ಬಗ್ಗೆ ತಕರಾರಿಲ್ಲ. 1950ರ ಕುದುರೆಯ ಪೈಸೆ, ಬಸವನಿರುವ ಅರ್ಧಾಣೆ, ಒಂದಾಣೆ, ಎರಡಾಣೆ, ತೆನೆಯಿರುವ ರೂಪಾಯಿ ಎಲ್ಲಕ್ಕೂ ಜಾಗವಿದೆ. 1957ರ ಏಪ್ರಿಲ್ 1ಕ್ಕೆ ಬಂದ ನಯಾ ಪೈಸೆಗೆ ಒಂದು ಸಾಲು, 1964ರಲ್ಲಿ ‘ನಯಾ’ ಬಿಟ್ಟುಹೋದ ಮೇಲಿನವಕ್ಕೆ ಇನ್ನೊಂದು. ಸರಿಯಾಗಿದೆ. ಹತ್ತು ಪೈಸೆಗೆ ಬರುವ ಹೊತ್ತಿಗೆ ಅವರಿಗೆ ಬೇಸರ ಹತ್ತಿದಂತಿದೆ. ತಾಮ್ರ-ನಿಕ್ಕಲ್ಲಿನ ಎರಡು, ಹಿತ್ತಾಳೆ ಬಣ್ಣದ್ದೊಂದು, ದೊಡ್ಡ ಅಲ್ಯೂಮಿನಿಯಂ, ಚಿಕ್ಕ ಅಲ್ಯೂಮಿನಿಯಂ, ಕೊನೆಗೆ ಗುಂಡಿಯಷ್ಟಿರುವ ಸ್ಟೀಲ್: ನನ್ನ ಲೆಕ್ಕದಲ್ಲಿ ಆರು. ಆಲ್ಬಮ್ಮಿನಲ್ಲಿ ಮೂರೇ ತೂತು. ಕಮಲದ ಇಪ್ಪತ್ತು ಪೈಸೆಗಂತೂ ಜಾಗವೇ ಇಲ್ಲ. ನಮ್ಮಮ್ಮ ಅದನ್ನು ದೇವರ ಮನೆಯ ಹಿತ್ತಾಳೆ ಬಟ್ಟಲಿನಲ್ಲಿ ಇಟ್ಟು ಪ್ರತಿ ಶುಕ್ರವಾರ ಕುಂಕುಮ ಹಚ್ಚುತ್ತಿದ್ದಳು. ಅವಳು ನೋಡಿದ್ದರೆ ಎಂಟುನೂರು ರೂಪಾಯಿ ವಾಪಸ್ ಕೇಳುತ್ತಿದ್ದಳು.

ಒಂದು ರೂಪಾಯಿಗೆ ಮಾತ್ರ ಧಾರಾಳ. 1992ರ ನಂತರದ ಸ್ಟೀಲ್ ರೂಪಾಯಿಗೆ ನಾಲ್ಕು ತೂತು, ಟಂಕಸಾಲೆಗೊಂದರಂತೆ: ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಗುರುತು ಹುಡುಕುವವರಿಗೆ ಅದು ಸಂತೋಷವೇ, ನಾನು ಹೀಗಳೆಯುವುದಿಲ್ಲ. ಆದರೆ ಅದು ಟಂಕಸಾಲೆಯ ಸಂಗ್ರಹವಾಯಿತು, ಮಾದರಿಗಳ ಸಂಗ್ರಹವಾಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಬ್ಬ ಪ್ರಯಾಣಿಕನೂ “ಇದರಲ್ಲಿ ನಕ್ಷತ್ರವಿದೆ, ಬೇರೆ ಕೊಡಿ” ಎಂದವನಲ್ಲ.

ನನ್ನ ಅಳತೆಗೋಲು ಹುಟ್ಟಿದ್ದು ಹೀಗೆ. ಪ್ರಯಾಣಿಕ ಜಗಳ ತೆಗೆಯುವಷ್ಟು ನಾಣ್ಯ ಬದಲಾಗಿದ್ದರೆ ಅದು ಹೊಸ ಮಾದರಿ. ಇಲ್ಲದಿದ್ದರೆ ಅಲ್ಲ.

ಈ ಕೋಲು ಹಿಡಿದು ಎರಡು ರೂಪಾಯಿಯನ್ನು ನೋಡಿ. ಭಾರತದ ನಕ್ಷೆಯಿದ್ದ ಹಳೆಯ ಎರಡು ರೂಪಾಯಿಗೆ ಹನ್ನೊಂದು ಮೂಲೆ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತಿತ್ತು. 2005ರಲ್ಲಿ ಅಡ್ಡ-ಉದ್ದ ಗೆರೆಗಳ ಸ್ಟೀಲ್ ನಾಣ್ಯ ಬಂದಾಗ ಮೂಲೆಗಳು ಹೋದವು. ಒಂದು ರೂಪಾಯಿಗೂ ಅದೇ ಗೆರೆಗಳು, ಅಗಲದಲ್ಲಿ ಸುಮಾರು ಎರಡು ಮಿಲಿಮೀಟರಿನ ವ್ಯತ್ಯಾಸವಷ್ಟೆ. ಸಂಜೆಯ ಟ್ರಿಪ್ಪಿನಲ್ಲಿ ನಾನು ಒಂದೆಂದು ಎರಡನ್ನು ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ವಿಚಿತ್ರವೆಂದರೆ ಅದನ್ನು ಯಾರೂ ಹೇಳಲು ಬರುವುದಿಲ್ಲ, ಎರಡೆಂದು ಒಂದನ್ನು ಕೊಟ್ಟರೆ ಮಾತ್ರ ಇಡೀ ಬಸ್ಸಿಗೆ ಕೇಳುತ್ತದೆ. 2007ರಲ್ಲಿ ಹಸ್ತಮುದ್ರೆಗಳು ಬಂದವು. ಒಂದಕ್ಕೆ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ಕಣ್ಣಿಗೆ ಅನುಕೂಲವಾಯಿತು, ಕೈಗೆ ಆಗಲಿಲ್ಲ. 2011ರಲ್ಲಿ ರೂಪಾಯಿ ಚಿಹ್ನೆಯ ಸರಣಿ ಬಂದಾಗ ಇನ್ನೊಂದು ಚೋದ್ಯ: ಹೊಸ ಎರಡು ರೂಪಾಯಿಯ ಅಗಲ 25 ಮಿಲಿಮೀಟರ್, ತೂಕ 4.85 ಗ್ರಾಂ. ಹಳೆಯ ಸ್ಟೀಲ್ ಒಂದು ರೂಪಾಯಿಯದೂ ಇಷ್ಟೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡೂ ಒಂದೇ ಚೀಲದಲ್ಲಿ ಓಡಾಡುತ್ತಿದ್ದ ಆ ವರ್ಷಗಳಲ್ಲಿ ನನ್ನ ಬೆರಳುಗಳ ಮೇಲೆ ನನಗೇ ನಂಬಿಕೆ ಹೋಯಿತು.

ಇಷ್ಟೆಲ್ಲ ಕಥೆಗೆ ಆಲ್ಬಮ್ ಕೊಟ್ಟಿರುವುದು ಒಂದು ತೂತು. ‘2 ರೂ. ಸ್ಟೀಲ್’ ಎಂದು ಬರೆದು 27 ಮಿಲಿಮೀಟರ್ ಕೊರೆದಿದ್ದಾರೆ. 2011ರ ನಾಣ್ಯವನ್ನು ಅದರಲ್ಲಿಟ್ಟು ಹಾಳೆ ತಿರುಗಿಸಿದರೆ ಗಡಿಗೆಯೊಳಗಿನ ಕಲ್ಲಿನಂತೆ ಗಡಗಡ ಎನ್ನುತ್ತದೆ. ತಾಮ್ರ-ನಿಕ್ಕಲ್ ರೂಪಾಯಿಯದೂ ಅದೇ ಗತಿ. 1982ರವರೆಗಿನದು 28 ಮಿಲಿಮೀಟರ್, ಎಂಟು ಗ್ರಾಂ. ಮುಂದಿನದು 26 ಮಿಲಿಮೀಟರ್, ಆರು ಗ್ರಾಂ. ನೂರು ನಾಣ್ಯಕ್ಕೆ ಕಾಲು ಕೆ.ಜಿ.ಗೆ ಸ್ವಲ್ಪ ಕಡಿಮೆ ವ್ಯತ್ಯಾಸ. ಹೆಗಲಿಗೆ ಚೀಲ ಹಾಕಿದವನಿಗೆ ಅದು ಬೇರೆ ನಾಣ್ಯವೇ.

ಹತ್ತು ರೂಪಾಯಿಯ ಜಗಳವಂತೂ ನಿಮಗೂ ನೆನಪಿರಬೇಕು. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂಬ ಗಾಳಿಮಾತಿಗೆ ಹಳ್ಳಿಗಳಲ್ಲಿ ಆ ನಾಣ್ಯವನ್ನು ಮುಟ್ಟುವವರೇ ಇರಲಿಲ್ಲ. ಹದಿನಾಲ್ಕು ವಿನ್ಯಾಸಗಳಿವೆ, ಎಲ್ಲವೂ ಚಲಾವಣೆಗೆ ಯೋಗ್ಯ ಎಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಬೇಕಾಯಿತು. ನಾನು ಆ ಸುದ್ದಿಯ ಪತ್ರಿಕೆಯ ತುಂಡನ್ನು ಚೀಲದಲ್ಲಿಟ್ಟುಕೊಂಡು ತೋರಿಸುತ್ತಿದ್ದೆ. “ಬ್ಯಾಂಕಿನವರು ತಗೊಳ್ಳಲಿ, ನಮಗೆ ಬೇಡ ಸಾರ್” ಎಂದಳು ಒಬ್ಬ ಅಜ್ಜಿ. ಹದಿನಾಲ್ಕನ್ನೂ ನಾನು ಸೇರಿಸುವುದಿಲ್ಲ, ಅವುಗಳಲ್ಲಿ ಹೆಚ್ಚಿನವು ಸ್ಮರಣಾರ್ಥ ನಾಣ್ಯಗಳು. ಗೆರೆಯ ಎರಡೂ ಬೇಕು. ಆಲ್ಬಮ್ಮಿನಲ್ಲಿರುವುದು ಹತ್ತು ಗೆರೆಯದೊಂದೇ. ಅಂದರೆ ಗಾಳಿಮಾತನ್ನು ಇವರೂ ನಂಬಿದ್ದರೇನೋ!

ಸ್ಮರಣಾರ್ಥ ನಾಣ್ಯಗಳಲ್ಲಿ ನನ್ನ ಚೀಲಕ್ಕೆ ತಾನಾಗಿ ಬಂದವು ಮಾತ್ರ ನನ್ನವು. 2006ರ ಬಸವೇಶ್ವರರ ಐದು ರೂಪಾಯಿ ಅರಸೀಕೆರೆ ರಸ್ತೆಯಲ್ಲಿ ಹತ್ತಿದ ಒಬ್ಬ ವಿದ್ಯಾರ್ಥಿ ಕೊಟ್ಟದ್ದು. ನಿಯಮ ಮುರಿದದ್ದು ಒಂದೇ ಕಡೆ: 1964ರ ನೆಹರು ಎಂಟಾಣೆ. ಹೆಸರನ್ನು ಇಂಗ್ಲಿಷಿನಲ್ಲಿ ಬರೆದದ್ದೂ ಇದೆ, ಹಿಂದಿಯಲ್ಲಿ ಬರೆದದ್ದೂ ಇದೆ. ಇದಕ್ಕಾಗಿ ಯಾರೂ ಜಗಳವಾಡಿದ್ದಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ಇಡದೆ ಮನಸ್ಸು ತಡೆಯಲಿಲ್ಲ.

ಇನ್ನು ಪ್ಲಾಸ್ಟಿಕ್. ತೆರೆದ ದಿನವೇ ಹೊಸ ರೈನ್‌ಕೋಟಿನ ವಾಸನೆ ಬಂದಿತ್ತು, ಅಂದೇ ಅನುಮಾನಿಸಬೇಕಿತ್ತು. ಎಂಟನೆಯ ತಿಂಗಳಿಗೆ ತಾಮ್ರ-ನಿಕ್ಕಲ್ಲಿನ ನಾಲ್ಕಾಣೆಯ ಮೇಲೆ ಹಸಿರು ಅಂಟು ಕೂತಿತು. ಅದು ಪಿವಿಸಿ ಪ್ಲಾಸ್ಟಿಕ್ಕಿನ ಕೆಲಸ. ಮೊಮ್ಮಗಳು ಅಸಿಟೋನ್ ಎಂಬ, ಬೇಗ ಹೊತ್ತಿಕೊಳ್ಳುವ ದ್ರಾವಕದಲ್ಲಿ ಅದ್ದಿ ತೆಗೆದುಕೊಟ್ಟಳು. ನೀವು ಮಾಡುವುದಾದರೆ ಉಜ್ಜಬೇಡಿ, ಕಿಟಕಿ ತೆರೆದಿಡಿ, ಒಲೆಯಿಂದ ದೂರವಿರಿ.

ಈಗ ನನ್ನ ನಾಣ್ಯಗಳೆಲ್ಲ ಪಾರದರ್ಶಕ ಕಿಟಕಿಯಿರುವ ಚೌಕ ರಟ್ಟಿನ ಹೋಲ್ಡರುಗಳಲ್ಲಿವೆ. ಒಂದಕ್ಕೆ ಎರಡು ರೂಪಾಯಿಯೂ ಬೀಳಲಿಲ್ಲ. ನಾಲ್ಕು ಮೂಲೆಗೆ ಪಿನ್ ಹೊಡೆದು, ಅಂಚಿನಲ್ಲಿ ಪೆನ್ಸಿಲಿನಿಂದ ಇಸವಿ, ಲೋಹ, ತೂಕ ಬರೆದು ಬೂಟಿನ ಡಬ್ಬದಲ್ಲಿ ಸಾಲಾಗಿ ನಿಲ್ಲಿಸಿದ್ದೇನೆ. ಆಲ್ಬಮ್ಮಿಗೆ ಐದರಲ್ಲಿ ಎರಡು ಅಂಕ, ಅದೂ ಆಣೆಯ ಹಾಳೆಗಳಿಗಾಗಿ. ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿಗೆ ಅದರಲ್ಲಿ ತೂತಿಲ್ಲ, ನನ್ನ ಚೀಲಕ್ಕೂ ಅದು ಬರಲಿಲ್ಲ. ಅದು ಜನರ ಕೈಗೆ ಬರುವ ಮೊದಲೇ ನಾನು ಚೀಲ ಒಪ್ಪಿಸಿದ್ದೆ. ಸೇರಿಸಬೇಕೇ ಬೇಡವೇ ಎಂದು ಇನ್ನೂ ತೀರ್ಮಾನಿಸಿಲ್ಲ, ಸದ್ಯಕ್ಕೆ ಅಂಗಿಯ ಜೇಬಿನಲ್ಲಿದೆ.