ಎಸ್‌ಎಫ್-9 ಸಾಕಬೇಕೋ, ಹೈ ಫೈವ್ ಸಾಕಬೇಕೋ?

ಬೇಕಾದ ಪ್ರೋಟೀನಿನ ಜೀನ್ ಹೊತ್ತ ಬ್ಯಾಕುಲೋವೈರಸ್ (ಕೀಟಗಳಿಗೆ ತಗಲುವ ವೈರಸ್) ಹಾಕಿ ಕೋಶದಿಂದ ಪ್ರೋಟೀನ್ ತೆಗೆಯುವ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲು ಕೇಳುವ ಪ್ರಶ್ನೆ ಇದು. ಎರಡೂ ಕೀಟದ ಜೀವಕೋಶಗಳೇ. ಎರಡನ್ನೂ ಒಂದೇ ಶೇಕರ್‌ನಲ್ಲಿ ಇಟ್ಟು, ಒಂದೇ ವೈರಸ್ ಸ್ಟಾಕ್ ಹಾಕಿ ನೋಡಿದ್ದೇನೆ. ವೈರಸ್ ಬೆಳೆಸಲು ಎಸ್‌ಎಫ್-9, ಮೀಡಿಯಾಕ್ಕೆ (ಕೋಶ ಬೆಳೆಯುವ ಪೋಷಕ ದ್ರವಕ್ಕೆ) ಸ್ರವಿಸುವ ಪ್ರೋಟೀನಿಗೆ ಹೈ ಫೈವ್ ಅನ್ನುವುದು ನನ್ನ ಲೆಕ್ಕ. ಆದರೆ ಹೈ ಫೈವ್ ತಂದಮೇಲೆ ಅದರ ಊಟ, ಉಸಿರು ಎರಡನ್ನೂ ಕಾಯುವ ಕೆಲಸ ನಿಮ್ಮದು.

ಎಸ್‌ಎಫ್-9 ಬಂದದ್ದು ಸ್ಪೊಡೊಪ್ಟೆರಾ ಫ್ರುಗಿಪರ್ಡಾ ಪತಂಗದ ಪ್ಯೂಪಾದ ಅಂಡಾಶಯದಿಂದ. ಹೆಸರು ಹೊಸದೆನಿಸಿದರೂ ಹುಳು ನಮಗೆ ಗೊತ್ತಿರುವುದೇ. ಮುಸುಕಿನ ಜೋಳದ ಸುಳಿ ತಿನ್ನುವ ಲದ್ದಿಹುಳು ಇದು, 2018ರಲ್ಲಿ ಭಾರತದಲ್ಲೇ ಮೊದಲು ಶಿವಮೊಗ್ಗದ ಕಡೆ ಕಾಣಿಸಿಕೊಂಡದ್ದು. ಹೊಲದಲ್ಲಿ ಅದಕ್ಕೆ ಔಷಧಿ ಹೊಡೆಯುತ್ತಾರೆ, ಲ್ಯಾಬಿನಲ್ಲಿ ನಾವು ಅದರ ಕೋಶಕ್ಕೆ ಗ್ಲೂಕೋಸ್ ಕುಡಿಸುತ್ತೇವೆ! ಹೈ ಫೈವ್ ಎಲೆಕೋಸು ತಿನ್ನುವ ಟ್ರೈಕೊಪ್ಲೂಸಿಯಾ ನೈ ಪತಂಗದ ಮೊಟ್ಟೆಯಿಂದ ಬಂದದ್ದು, ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯಲ್ಲಿ.

ಸಾಕುವ ರೀತಿ ಹೆಚ್ಚುಕಡಿಮೆ ಒಂದೇ. 27 ಡಿಗ್ರಿ ಸಾಕು, ಕಾರ್ಬನ್ ಡೈಆಕ್ಸೈಡ್ ಬೇಡ, ಮೀಡಿಯಾದ ಪಿಎಚ್ 6.2ರ ಸುತ್ತಮುತ್ತ. ಸುಮಾರು ಒಂದು ದಿನಕ್ಕೆ ದುಪ್ಪಟ್ಟಾಗುತ್ತವೆ, ಹೈ ಫೈವ್ ಸ್ವಲ್ಪ ಬೇಗ. ಕೀಟಗಳಿಗೆ ಸ್ವಂತವಾಗಿ ಕೊಲೆಸ್ಟರಾಲ್ ತಯಾರಿಸಲು ಬರುವುದಿಲ್ಲ. ಹಾಗಾಗಿ ಸೀರಮ್ (ಪ್ರಾಣಿಯ ರಕ್ತದ ದ್ರವಾಂಶ) ಇಲ್ಲದ ಮೀಡಿಯಾದಲ್ಲಿ ಅದನ್ನು ನಾವೇ ಕೊಟ್ಟಿರಬೇಕು.

ವ್ಯತ್ಯಾಸ ಇರುವುದು ಊಟದಲ್ಲಿ. ಎಸ್‌ಎಫ್-9 ಗ್ಲೂಕೋಸ್, ಗ್ಲುಟಮಿನ್ (ಒಂದು ಅಮೈನೋ ಆಮ್ಲ) ಎರಡನ್ನೂ ತಿನ್ನುತ್ತದೆ. ಆದರೆ ಗ್ಲೂಕೋಸ್ ಮತ್ತು ಆಮ್ಲಜನಕ ಸಾಕಷ್ಟಿದ್ದರೆ ಮೀಡಿಯಾದಲ್ಲಿ ಅಮೋನಿಯಾ ಸೇರುವುದಿಲ್ಲ, ಲ್ಯಾಕ್ಟೇಟೂ ಇಲ್ಲವೆನ್ನುವಷ್ಟು ಕಮ್ಮಿ. ಉಳಿದ ಸಾರಜನಕವನ್ನು ಅಲನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಮಾಡಿ ಹೊರಹಾಕುತ್ತದೆ. ಅಲನಿನ್‌ನಿಂದ ಕೋಶಕ್ಕೆ ಅಷ್ಟೇನೂ ತೊಂದರೆ ಇಲ್ಲ. ಸಸ್ತನಿಗಳ ಸೆಲ್ ಬೆಳೆಸಿ ಅಮೋನಿಯಾ ಜೊತೆ ಗುದ್ದಾಡಿದವರಿಗೆ ಇದು ಎಂಥ ನೆಮ್ಮದಿ ಅಂತ ಗೊತ್ತು. ಗ್ಲೂಕೋಸ್ ಮುಗಿದರೆ ಮಾತ್ರ ಆಟ ಬದಲಾಗುತ್ತದೆ. ಆಗ ಅಮೈನೋ ಆಮ್ಲಗಳನ್ನೇ ಸುಟ್ಟು ಬದುಕಬೇಕು, ಅಮೋನಿಯಾ ಏರತೊಡಗುತ್ತದೆ.

ಹೈ ಫೈವ್ ಹಾಗಲ್ಲ. ಅದಕ್ಕೆ ಆಸ್ಪರಜಿನ್ ಎಂಬ ಅಮೈನೋ ಆಮ್ಲದ ಮೇಲೆ ವಿಪರೀತ ಆಸೆ, ಮೀಡಿಯಾದಲ್ಲಿ ಇದ್ದುದನ್ನೆಲ್ಲ ಬೇಗ ಖಾಲಿ ಮಾಡುತ್ತದೆ. ಗ್ಲೂಕೋಸ್ ಇದ್ದರೂ ಅಮೋನಿಯಾ ಬಿಡುತ್ತದೆ, ಜೊತೆಗೆ ಅಲನಿನ್. ಗಾಳಿ ಕಮ್ಮಿಯಾದರೆ ಲ್ಯಾಕ್ಟೇಟ್ ಕೂಡ. ಸುಮ್ನೆ ಫ್ಲಾಸ್ಕ್ ತುಂಬ ಮೀಡಿಯಾ ಸುರಿದು ಶೇಕರ್‌ಗೆ ಹಾಕಿದರೆ ಎಸ್‌ಎಫ್-9 ಹೇಗೋ ಸಹಿಸಿಕೊಂಡೀತು, ಹೈ ಫೈವ್ ಮುನಿಸಿಕೊಳ್ಳುತ್ತದೆ. ನಾನು ಎರಡಕ್ಕೂ ಫ್ಲಾಸ್ಕಿನ ಕಾಲು ಭಾಗಕ್ಕಿಂತ ಜಾಸ್ತಿ ತುಂಬುವುದಿಲ್ಲ. ವೈರಸ್ ಹಾಕಿದ ಮೇಲೆ ಕೋಶ ಉಸಿರಾಡುವುದು ಇನ್ನೂ ಹೆಚ್ಚುತ್ತದೆ, ಆ ಜಾಗ ಆಗ ಬೇಕಾಗುತ್ತದೆ.

ಇನ್ನು ಫಸಲು. ಒಂದೇ ಸ್ರವಿಸುವ ಪ್ರೋಟೀನನ್ನು ಎರಡರಲ್ಲೂ ತೆಗೆದು ಜೆಲ್ (ಪ್ರೋಟೀನುಗಳನ್ನು ಗಾತ್ರದಂತೆ ಪಟ್ಟೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಓಡಿಸಿದಾಗ ಹೈ ಫೈವ್ ಪಟ್ಟೆ ದಪ್ಪಗೆ ಎದ್ದು ಕಂಡಿತು. ಎಸ್‌ಎಫ್-9ದು ಹುಡುಕಿ ನೋಡುವಂತಿತ್ತು. ಕೋಶದೊಳಗೇ ಉಳಿಯುವ ಕೈನೇಸ್ ಎಂಬ ಕಿಣ್ವ ತೆಗೆದಾಗ ಅಂಥ ಅಂತರವೇನೂ ಕಾಣಲಿಲ್ಲ. ಹೈ ಫೈವ್ ಬೇಗ ಒಡೆಯುತ್ತದೆ ಕೂಡ. ವೈರಸ್ ಹಾಕಿದ 48ನೇ ಗಂಟೆಗೆ ಮೈಕ್ರೋಸ್ಕೋಪ್ ಕೆಳಗೆ ಒಂದು ಸಲ ನೋಡಲೇಬೇಕು: ಕೋಶ ಊದಿಕೊಂಡು, ನ್ಯೂಕ್ಲಿಯಸ್ ಒಳಗೆಲ್ಲ ತುಂಬಿಕೊಂಡಿದ್ದರೆ ಸರಿ. ಅಂಚು ಹರಿದು ಚೂರುಪಾರು ತೇಲುತ್ತಿದ್ದರೆ ಕೊಯ್ಲಿನ ಹೊತ್ತು ಮೀರಿದೆ. ಒಡೆದ ಕೋಶದಿಂದ ವೈರಸ್ಸಿನದೇ ಕ್ಯಾಥೆಪ್ಸಿನ್ ಎಂಬ ಕಿಣ್ವ ಹೊರಬಂದು ನಿಮ್ಮ ಪ್ರೋಟೀನನ್ನು ಕತ್ತರಿಸುತ್ತದೆ. (ರೇಷ್ಮೆ ಸಾಕುವವರು ಹಾಲುತೊಂಡೆ ಅನ್ನುವ ರೋಗದಲ್ಲಿ ಹುಳು ಕರಗಿ ಸೋರುತ್ತದಲ್ಲ, ಅದೂ ಬ್ಯಾಕುಲೋವೈರಸ್ಸಿನದೇ ಕೆಲಸ.)

ಹೈ ಫೈವ್ ಫಸಲು ಜಾಸ್ತಿ ಅಂತ ಹಿಗ್ಗಿದ ಮೇಲೆ ಪ್ರೋಟೀನನ್ನು ಶುದ್ಧ ಮಾಡುವ ಕಾಲಂ ಬಳಿ ಬರಬೇಕು. ಸ್ರವಿಸಿದ ಪ್ರೋಟೀನ್ ಮೀಡಿಯಾದಲ್ಲೇ ಇರುತ್ತದೆ. ಆ ಮೀಡಿಯಾವನ್ನು ನೇರವಾಗಿ ನಿಕಲ್ ಕಾಲಂಗೆ ಹಾಕಿದರೆ ನೀಲಿ ರೆಸಿನ್ (ನಿಕಲ್ ಮೂಲಕ ಪ್ರೋಟೀನ್ ಹಿಡಿಯುವ ಕಾಲಂ ಒಳಗಿನ ಮಣಿಗಳು) ಕಣ್ಣೆದುರೇ ಬೆಳ್ಳಗಾಗುತ್ತದೆ. ಮೀಡಿಯಾದಲ್ಲಿರುವ ವಸ್ತುಗಳು ನಿಕಲನ್ನೇ ಕಿತ್ತುಕೊಂಡು ಹೋಗುತ್ತವೆ. ಮೊದಲು ಬಫರ್ ಬದಲಿಸಿಕೊಳ್ಳಿ, ಇಲ್ಲವೇ ನಿಕಲ್ ಬಿಟ್ಟುಕೊಡದ ರೆಸಿನ್ ಕೊಳ್ಳಿ, ದುಬಾರಿಯಾದರೂ ಪರವಾಗಿಲ್ಲ. ಎಸ್‌ಎಫ್-9 ಮೀಡಿಯಾದಲ್ಲೂ ಈ ಕಾಟ ಇದೆ. ಆದರೆ ಕೋಶ ಒಡೆದು ಪ್ರೋಟೀನ್ ತೆಗೆಯುವವರು ಮೀಡಿಯಾವನ್ನು ಮೊದಲೇ ಚೆಲ್ಲಿರುತ್ತಾರೆ.

ಗಂಟು ಕಟ್ಟುವುದು ಹೈ ಫೈವ್‌ನ ಇನ್ನೊಂದು ಚಾಳಿ. ಹೆಪಾರಿನ್ ಹಾಕಿದರೆ ತಕ್ಕಮಟ್ಟಿಗೆ ಬಿಡಿಬಿಡಿಯಾಗುತ್ತದೆ.

ಪ್ರೋಟೀನಿಗೆ ಕೋಶ ಅಂಟಿಸುವ ಸಕ್ಕರೆ ಸರಪಳಿಯ ವಿಷಯದಲ್ಲಿ ಎರಡೂ ಮನುಷ್ಯರ ಕೋಶದಂತಲ್ಲ. ಹೈ ಫೈವ್ ಆಲ್ಫಾ-1,3 ಫ್ಯೂಕೋಸ್ ಎಂಬ ಸಕ್ಕರೆ ಸೇರಿಸುವುದು ಜಾಸ್ತಿ. ಕೆಲವರ ದೇಹ ಅದನ್ನು ಅಲರ್ಜಿಯಂತೆ ಗುರುತಿಸುತ್ತದೆ. ಹಾಗಂತ ಔಷಧಕ್ಕೆ ಆಗದು ಅಂತಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಸರ್ವಾರಿಕ್ಸ್ ಲಸಿಕೆ ಟ್ರೈಕೊಪ್ಲೂಸಿಯಾ ಕೋಶದಲ್ಲೇ ತಯಾರಾದದ್ದು. ನೊವಾವ್ಯಾಕ್ಸ್‌ನ ಕೋವಿಡ್ ಲಸಿಕೆಯ ಪ್ರೋಟೀನ್ ಬಂದದ್ದು ಎಸ್‌ಎಫ್-9ರಿಂದ, ನಮ್ಮಲ್ಲಿ ಅದನ್ನೇ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಕೋವೊವ್ಯಾಕ್ಸ್ ಎಂದು ತಯಾರಿಸಿತು.

ಡ್ರೊಸೊಫಿಲಾ ಎಂಬ ಹಣ್ಣುನೊಣದ ಎಸ್2 ಕೋಶವೂ ಉಂಟಲ್ವಾ ಅಂತ ಕೇಳಬಹುದು. ಅದರಲ್ಲಿ ವೈರಸ್ ಗೊಡವೆ ಇಲ್ಲದೆ ಸ್ಥಿರವಾದ ಲೈನ್ (ಬೇಕಾದ ಜೀನನ್ನು ಕಾಯಂ ಇಟ್ಟುಕೊಂಡ ಕೋಶಗಳ ಸಂತತಿ) ಮಾಡಬಹುದು, ಆದರೆ ವಾರಗಟ್ಟಲೆ ಕಾಯಬೇಕು. ಒಂದೇ ಪ್ರೋಟೀನನ್ನು ವರ್ಷಗಟ್ಟಲೆ ತೆಗೆಯುವವರಿಗೆ ಅದು ಸರಿ.

ಈಗ ನಾನು ವೈರಸ್ ಸ್ಟಾಕ್ ಎಲ್ಲವನ್ನೂ ಎಸ್‌ಎಫ್-9ರಲ್ಲೇ ಬೆಳೆಸುತ್ತೇನೆ. ಹೈ ಫೈವ್‌ನಲ್ಲಿ ವೈರಸ್ ಅಷ್ಟು ಚೆನ್ನಾಗಿ ಹೆಚ್ಚುವುದಿಲ್ಲ. ಪ್ರೋಟೀನ್ ಸ್ರವಿಸುವಂಥದ್ದಾದರೆ ಸಣ್ಣ ಫ್ಲಾಸ್ಕಿನಲ್ಲಿ ಎರಡನ್ನೂ ನೋಡಿ, ಆಮೇಲೆ ಹೈ ಫೈವ್‌ಗೆ ಹೋಗುತ್ತೇನೆ. ಕೋಶದೊಳಗೆ ಉಳಿಯುವಂಥದ್ದಾದರೆ ಹೈ ಫೈವ್ ವಯಲ್ ಫ್ರೀಜರ್‌ನಿಂದ ಹೊರಗೇ ತೆಗೆಯುವುದಿಲ್ಲ.